ಕುರಿಗಳ ದಾರಿಗೆ ಅಡ್ಡವಾದ ಬಾನುಲಿ

ಬಾನುಲಿ ನಿಲಯದ ನಿರ್ದೇಶಕರಾದ ಮಾನ್ಯರೇ,

ನಮ್ಮೂರಿನ ಕುರಿಗಳು ಕಾಲುವೆಗೆ ನೀರು ಕುಡಿಯಲು ಹೋಗುವ ದಾರಿಯನ್ನು ನಿಮ್ಮ ನಿಲಯ ಮುಚ್ಚಿದೆ. ಅದನ್ನು ತೆರೆಸಿಕೊಡಬೇಕೆಂದು ಕೇಳಲು ಈ ಪತ್ರ.

ನಿಮ್ಮಲ್ಲಿ ಕಲ್ಲಿಲ್ಲ, ಗಾರೆಯಿಲ್ಲ, ಗೌಂಡಿಗಳಿಲ್ಲ, ಮಾನ್ವಿ ತಾಲೂಕಿನ ಯಾವ ಕುರಿಯನ್ನೂ ನೀವು ಕಂಡವರಲ್ಲ ಎಂದು ತಾವು ಹೇಳಬಹುದು. ಒಪ್ಪುತ್ತೇನೆ. ಆದರೂ ಮುಚ್ಚಿದವರು ನೀವೇ. ಅದಕ್ಕೆ ಇಪ್ಪತ್ತೆಂಟು ನಿಮಿಷ ತೆಗೆದುಕೊಂಡಿರಿ. ಇಷ್ಟು ಬೇಗ ಮುಗಿದ ಸರ್ಕಾರಿ ಕೆಲಸವನ್ನು ನಮ್ಮ ಜಿಲ್ಲೆ ಹಿಂದೆಂದೂ ಕಂಡಿಲ್ಲವಾದ್ದರಿಂದ ಮೊದಲು ಅಭಿನಂದನೆ ಸಲ್ಲಿಸುತ್ತೇನೆ.

ನಾನು ದೊಡ್ಡಾಟದ ರಾಜ. ಹುಟ್ಟಿದ್ದು ಕಾಲುವೆ ದಂಡೆಯ ಊರಿನಲ್ಲಾದರೂ ಬೆಳೆದದ್ದು ರಂಗದ ಮೇಲೆ. ರಾಯಚೂರಿಗೆ ನಾಟಕ ಕಂಪನಿ ಬಂದಾಗಲೆಲ್ಲ ನಮ್ಮಪ್ಪ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದ. ದೇವದುರ್ಗದಲ್ಲಿ ಒಮ್ಮೆ ನಾನು ಯುದ್ಧಕ್ಕೆ ಹೊರಟು ಘರ್ಜಿಸಿದಾಗ ಸಂತೆಯ ಎತ್ತುಗಳು ಹಗ್ಗ ಹರಿದುಕೊಂಡು ಓಡಿದವು. ಹಿಡಿದು ತರಲು ನಾನೇ ಹೋಗಬೇಕಾಯಿತು, ಕಿರೀಟ ಸಮೇತ. ನಲವತ್ತು ವರ್ಷದಿಂದ ಬನದ ಹುಣ್ಣಿಮೆಗೆ ನಮ್ಮೂರಿನಲ್ಲಿ ನಾನೇ ರಾಜ. ಉಳಿದ ಮುನ್ನೂರ ಅರವತ್ತನಾಲ್ಕು ದಿನ ಗಡಿಗೆಪ್ಪ.

ನಮ್ಮ ಆಟದಲ್ಲೊಂದು ಪದ್ಧತಿಯಿದೆ. ಆಟ ಮುಗಿದು ಮಂಗಳ ಹಾಡಿದ ಮೇಲೂ ರಾಜ ಗದ್ದುಗೆಯಿಂದ ಏಳುವಂತಿಲ್ಲ. ಆಟ ನಡೆಸುವ ಸಾರಥಿ ಮುಂದೆ ಬಂದು, ‘ಊರ ಮಾತು ಉಂಟೋ?’ ಎಂದು ಮೂರು ಸಲ ಕೂಗುತ್ತಾನೆ. ಕುಳಿತವರಲ್ಲಿ ಯಾರು ಬೇಕಾದರೂ ಎದ್ದು ರಾಜನನ್ನು ಪ್ರಶ್ನೆ ಕೇಳಬಹುದು. ಗೌಡ ಕೇಳಬಹುದು, ಗೌಡನ ಮೇಲೆ ಗೌಡನ ಆಳೂ ಕೇಳಬಹುದು. ಕಿರೀಟ ಇಳಿಸುವ ಮೊದಲು ರಾಜ ಕೊಟ್ಟ ತೀರ್ಪನ್ನು ಮುಂದಿನ ವರ್ಷದ ಆಟದವರೆಗೆ ಊರು ನಡೆಸಬೇಕು. ಎಪ್ಪತ್ತೆರಡರ ಬರದಲ್ಲಿ ಗೌಡರ ಬಾವಿಗೆ ಎಲ್ಲರ ಕೊಡ ಇಳಿದದ್ದು ಹೀಗೆಯೇ. ರಾಜ ಅಂಥ ಬುದ್ಧಿವಂತನೇನೂ ಅಲ್ಲ. ಅವನನ್ನು ನಾನು ಚೆನ್ನಾಗಿ ಬಲ್ಲೆ. ಆದರೆ ಎದುರಿಗೆ ಎಂಟುನೂರು ಜನ ಕಣ್ಣು ಬಿಟ್ಟುಕೊಂಡು ಕೂತಿರುವಾಗ ಅನ್ಯಾಯದ ಮಾತು ಗಂಟಲಿನಿಂದ ಅಷ್ಟು ಸುಲಭವಾಗಿ ಹೊರಡುವುದಿಲ್ಲ.

ಹೋದ ವರ್ಷ ಎದ್ದವಳು ಕುರಿಗಾರರ ಬಂಡೆಮ್ಮ. ಅಕ್ಕಿ ಗಿರಣಿಯ ಹಂಪಣ್ಣ ಸಾಹುಕಾರರು ತಮ್ಮ ಗಿರಣಿಯ ಹಿಂದಿನ ಕುರಿದಾರಿಗೆ ಗೂಟ ಹೊಡೆಸಿದ್ದರು. ಪಂಚಾಯಿತಿಯ ಅಧ್ಯಕ್ಷರೂ ಅವರೇ ಆದ್ದರಿಂದ ದೂರು ಕೊಡುವ ಕಚೇರಿಯೂ ಗೂಟ ಹೊಡೆದ ಕೈಯೂ ಒಂದೇ ಆಗಿತ್ತು. ರಾಜ ದಾರಿ ಬಿಡಿಸಿದ. ಸಾಹುಕಾರರು ಹಲ್ಲು ಕಚ್ಚಿಕೊಂಡು ಗೂಟ ಕಿತ್ತರು. ಈ ಹುಣ್ಣಿಮೆಗೆ ಆ ತೀರ್ಪಿನ ಅವಧಿ ಮುಗಿಯುತ್ತಿತ್ತು. ಬಂಡೆಮ್ಮ ಮತ್ತೆ ಕೇಳಬೇಕಿತ್ತು, ರಾಜ ಮತ್ತೆ ಹೇಳಬೇಕಿತ್ತು. ಅಷ್ಟೇ ಇದ್ದದ್ದು.

ಅಷ್ಟರಲ್ಲಿ ನಿಮ್ಮ ನಿಲಯದಿಂದ ಕಾಗದ ಬಂತು, ನಮ್ಮ ಆಟವನ್ನು ಧ್ವನಿಮುದ್ರಿಸುವುದಾಗಿ. ನಾವು ಹದಿನಾಲ್ಕು ಜನ ಹೊಸ ಧೋತರ ಉಟ್ಟು ಬಂದೆವು. ನಿಮ್ಮ ಅಧಿಕಾರಿಗಳು ಸಜ್ಜನರು, ಚಹಾ ಕೊಟ್ಟರು. ಗೆಜ್ಜೆ ಬಿಚ್ಚಿಡಿ ಎಂದರು, ಬಿಚ್ಚಿದೆವು. ಕುಣಿಯಬೇಡಿ ಎಂದರು, ನಿಂತೆವು. ನಾನು ಬಾಯಿ ತೆರೆದಾಗ ಗಾಜಿನ ಆಚೆಗಿದ್ದವರು ಕಿವಿಯಿಂದ ಏನನ್ನೋ ಕಿತ್ತೆಸೆದು, ‘ಯಜಮಾನರೇ, ಕೂಗಬೇಡಿ, ಮೈಕ್ ಇದೆ’ ಎಂದರು. ರಾಜ ಪಿಸುಮಾತಿನಲ್ಲಿ ಯುದ್ಧ ಸಾರಿದ. ಕೊನೆಗೆ ಊರ ಮಾತಿನ ಸರದಿ ಬಂತು.

‘ಈ ಭಾಗ ಬರೆದವರು ಯಾರು?’ ಎಂದು ಅಧಿಕಾರಿಗಳು ಕೇಳಿದರು.

‘ಯಾರೂ ಬರದಿಲ್ರೀ ಸಾಹೇಬ್ರ,’ ಎಂದರು ನಮ್ಮ ಆಟದ ಮಾಸ್ತರ ಮಹಾಂತಯ್ಯ. ‘ಕುಂತ ಮಂದಿ ಎದ್ದು ಕೇಳ್ತಾರ.’

‘ಏನು ಕೇಳುತ್ತಾರೆ?’

‘ಅದು ಅವ್ರು ಎದ್ದು ನಿಂತ ಮ್ಯಾಲ ಗೊತ್ತಾಗ್ತದ್ರೀ.’

ಬರಹದಲ್ಲಿ ಇಲ್ಲದ್ದನ್ನು ಪ್ರಸಾರ ಮಾಡುವಂತಿಲ್ಲ ಎಂದು ಅವರು ಕೆಂಪು ಪೆನ್ಸಿಲಿನಲ್ಲಿ ಗೀಟು ಎಳೆದರು. ನಾನು ತಲೆಯಾಡಿಸಿದೆ. ನನ್ನ ದನಿ ಇಡೀ ಜಿಲ್ಲೆಗೆ ಕೇಳಿಸಲಿತ್ತು, ಸ್ವಾಮಿ. ಆ ಗಳಿಗೆಯಲ್ಲಿ ನೀವು ರಾಜನ ತಲೆಯನ್ನೇ ಕತ್ತರಿಸಿದ್ದರೂ ನಾನು ಕುತ್ತಿಗೆ ಬಗ್ಗಿಸುತ್ತಿದ್ದೆ.

ಇಪ್ಪತ್ತೆಂಟು ನಿಮಿಷದ ಆ ಪ್ರಸಾರದ ದಿನ ಪಂಚಾಯಿತಿಯ ರೇಡಿಯೋಕ್ಕೆ ಹೂವಿನ ಹಾರ ಹಾಕಿದೆವು. ಎಲ್ಲೋ ದೂರದ ದೇಶಗಳಲ್ಲಿ ರಾಜ್ಯ ಕಬಳಿಸಲು ಹೊರಟ ದಂಡನಾಯಕರು ಅರಮನೆಗಿಂತ ಮೊದಲು ರೇಡಿಯೋ ಸ್ಟೇಷನ್ನಿಗೆ ನುಗ್ಗುತ್ತಾರೆಂದು ನಿಮ್ಮ ವಾರ್ತೆಯಲ್ಲಿಯೇ ಕೇಳಿದ್ದೇನೆ. ಅಲ್ಲಿನ ಜನ ಬೆಳಿಗ್ಗೆ ಎದ್ದು ಪೆಟ್ಟಿಗೆ ತಿರುಗಿಸಿ, ಇಂದಿನಿಂದ ನಿಮ್ಮ ದೊರೆ ಇಂಥವನು ಎಂದು ಕೇಳಿಸಿಕೊಂಡು, ಹಾಗೇ ಇರಬೇಕು ಎಂದು ಹಲ್ಲುಜ್ಜಲು ಹೋಗುತ್ತಾರಂತೆ. ಪಾಪ, ಎಂಥ ಜನವೋ ಎಂದು ನಾನು ಕನಿಕರಪಟ್ಟಿದ್ದೆ. ನಮ್ಮೂರಿಗೆ ಯಾವ ದಂಡನಾಯಕನೂ ನುಗ್ಗಬೇಕಾಗಲಿಲ್ಲ. ಹಾರ ನಾವೇ ಹಾಕಿದೆವು, ಕಾಯಿ ನಾವೇ ಒಡೆದೆವು.

ಬನದ ಹುಣ್ಣಿಮೆ ಬಂತು. ‘ಮಾಸ್ತರ್ರ, ರೇಡಿಯೋದಾಗ ಬಂದಂಗ ಮಾಡ್ರಿ, ಹೆಚ್ಚಿಲ್ಲ ಕಡಿಮಿಲ್ಲ’ ಎಂದು ಊರಿಗೆ ಊರೇ ಹಟ ಹಿಡಿಯಿತು. ಹಾಗೇ ಮಾಡಿದೆವು. ಗೆಜ್ಜೆಯಿಲ್ಲ, ಕುಣಿತವಿಲ್ಲ. ರಾಜ ಕೈಕಟ್ಟಿ ನಿಂತು ಮೆಲ್ಲಗೆ ಮಾತಾಡಿದ. ಹಿಂದಿನ ಸಾಲಿಗೆ ಒಂದಕ್ಷರ ಕೇಳಿಸದಿದ್ದರೂ ಥೇಟ್ ರೇಡಿಯೋ ಎಂದು ಅವರು ತಲೆದೂಗಿದರು. ಬೆಳಗಿನ ಜಾವ ಮುಗಿಯುವ ಆಟ ರಾತ್ರಿ ಊಟದ ಹೊತ್ತಿಗೆಲ್ಲ ಮುಗಿಯಿತು. ಮಂಗಳ ಹಾಡಿದೆವು. ಸಾರಥಿ ಕೂಗಲಿಲ್ಲ. ಆದರೂ ಬಂಡೆಮ್ಮ ಎದ್ದಳು.

‘ಊರ ಮಾತು ಅದರೀ ರಾಜಾ.’

‘ಕುಂದ್ರಬೇ,’ ಎಂದರು ಮುಂದಿನ ಕುರ್ಚಿಯಲ್ಲಿದ್ದ ಹಂಪಣ್ಣ ಸಾಹುಕಾರರು. ‘ಆಟ ಮುಗದದ. ರೇಡಿಯೋದಾಗ ಇದು ಎಲ್ಲಿ ಬಂದದ? ಸರಕಾರದಾವ್ರಿಗಿ ತಿಳೀಲಾರದ್ದು ನಿನಗ ತಿಳದದೇನು?’

‘ರೇಡಿಯೋದಾಗ ನನ್ನ ಕುರಿನೂ ಬಂದಿಲ್ರೀ ಯಪ್ಪಾ,’ ಎಂದಳು ಬಂಡೆಮ್ಮ. ‘ಹಂಗಂತ ಅವು ನೀರು ಕುಡ್ಯಾದು ಬಿಡಬೇಕೇನು?’

ಜನ ನಕ್ಕರು. ನಕ್ಕು, ರೇಡಿಯೋದಲ್ಲಿ ಬಂದಿಲ್ಲ ಎಂಬುದೂ ನಿಜವೇ ಎಂದು ಗುಸುಗುಸು ಮಾಡಿದರು. ಎಂಟುನೂರು ಮುಖಗಳು ನನ್ನತ್ತ ತಿರುಗಿದವು. ಸುಳ್ಳು ಬರೆಯುವುದಿಲ್ಲ, ಮಾನ್ಯರೇ. ಒಂದೇ ಒಂದು ಘರ್ಜನೆ ಸಾಕಿತ್ತು. ಆದರೆ ಮೈಕ್ ಮುಂದೆ ಕಲಿತ ಮೆಲುದನಿ ಇನ್ನೂ ಗಂಟಲಿನಲ್ಲಿ ಕೂತಿತ್ತು; ಮುಂದಿನ ವರ್ಷ ನೀವು ಮತ್ತೆ ಕರೆಯಬಹುದೆಂಬ ಆಸೆಯೂ ಇತ್ತು. ನಾನು ಕಿರೀಟ ಇಳಿಸಿದೆ.

ಮರುದಿನ ಬೆಳಿಗ್ಗೆ ಕುರಿದಾರಿಗೆ ಅಡ್ಡ ಗೋಡೆ ಕಟ್ಟಿಸಲು ಕಲ್ಲು ಬಂದು ಬಿದ್ದವು. ನಾನು ಗಿರಣಿಗೆ ಹೋಗಿ ದಾರಿ ಬಿಡಬೇಕೆಂದೆ. ಸಾಹುಕಾರರು ನನಗೆ ಕುರ್ಚಿ ಹಾಕಿಸಿದರು. ‘ರಾತ್ರಿ ಹೇಳಿದ್ರ ನಾ ಕೇಳ್ಲೇಬೇಕಾಗ್ತಿತ್ತು. ಈಗ ನೀ ಬರೇ ಗಡಿಗೆಪ್ಪ. ಚಾ ಕುಡೀತೀಯೇನು?’ ಮಹಾಂತಯ್ಯ ಮಾಸ್ತರರದೂ ಅದೇ ಮಾತು: ಆಟವಿಲ್ಲದ ದಿನ ಕಿರೀಟ ಇಟ್ಟುಕೊಂಡು ತೀರ್ಪು ಕೊಟ್ಟರೆ ಅದು ಹುಚ್ಚನ ಮಾತು. ಮುಂದಿನ ಆಟಕ್ಕೆ ಒಂದು ವರ್ಷವಿದೆ. ಆ ದಿನವೂ ರೇಡಿಯೋದಲ್ಲಿ ಬಂದಂತೆಯೇ ಆಟ ಆಗಬೇಕೆಂದು ಪಂಚಾಯಿತಿಯಲ್ಲಿ ಠರಾವು ಆಗಿದೆಯಂತೆ.

ಈ ಕುರಿತು ನಿಮಗೆ ಎರಡು ಕಾರ್ಡು ಬರೆದೆ. ನಿಮ್ಮ ಪತ್ರೋತ್ತರ ಕಾರ್ಯಕ್ರಮದಲ್ಲಿ, ‘ಮಾನ್ವಿ ತಾಲೂಕಿನ ಗಡಿಗೆಪ್ಪನವರು ನಮ್ಮ ಪ್ರಸಾರವನ್ನು ಬಹಳ ಮೆಚ್ಚಿಕೊಂಡು ಬರೆದಿದ್ದಾರೆ’ ಎಂದು ಓದಿದಿರಿ. ಈಗ ನಾನು ಮೆಚ್ಚಿಲ್ಲವೆಂದು ಹೇಳಿದರೆ ನಮ್ಮೂರಿನವರು ನಂಬುತ್ತಿಲ್ಲ. ನೀವು ಹೇಳಿದ್ದನ್ನು ಲಕ್ಷ ಜನ ಕೇಳುತ್ತಾರೆ. ಆ ಲಕ್ಷದಲ್ಲಿ ಒಬ್ಬ ಎದ್ದು ‘ಹಾಗಲ್ಲ’ ಎನ್ನಬೇಕಾದರೆ ಎಲ್ಲಿ ನಿಂತುಕೊಳ್ಳಬೇಕು, ಸ್ವಾಮಿ? ನಮ್ಮ ಆಟದಲ್ಲಿ ಅದಕ್ಕೊಂದು ಜಾಗವಿತ್ತು. ನಿಮ್ಮ ಪೆನ್ಸಿಲ್ಲು ಗೀಟು ಎಳೆದದ್ದು ಸರಿಯಾಗಿ ಅಲ್ಲಿಯೇ. ಬೇರೆ ದಾರಿ ಕಾಣದೆ ಈ ಸಲ ನಿಮಗೆ ಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ.

ನನ್ನ ಬೇಡಿಕೆ ದೊಡ್ಡದಲ್ಲ. ಸಂಜೆಯ ರೈತರ ಕಾರ್ಯಕ್ರಮಕ್ಕೆ ಮೊದಲು ಒಂದು ಪ್ರಕಟಣೆ ಓದಿಸಿ: ‘ನಾವು ಪ್ರಸಾರ ಮಾಡಿದ್ದು ಆಟದ ಒಂದು ತುಣುಕು ಮಾತ್ರ. ಮಂಗಳದ ನಂತರ ಊರ ಮಾತು ಇದೆ. ಈ ಹುಣ್ಣಿಮೆಯ ಆಟ ಇನ್ನೂ ಮುಗಿದಿಲ್ಲ.’ ಇಷ್ಟು ನಿಮ್ಮ ಬಾಯಿಂದ ಬಂದರೆ ಸಾಕು, ಸಾಹುಕಾರರು ಬಂದು ಕೂರಲೇಬೇಕು. ಬಂಡೆಮ್ಮ ಕೇಳುತ್ತಾಳೆ, ನಾನು ಹೇಳುತ್ತೇನೆ. ಕೂಗಿಯೇ ಹೇಳುತ್ತೇನೆ.

ಗಿರಣಿಯ ಹಿಂದಿನ ಗೋಡೆ ಈಗ ಮೊಣಕಾಲೆತ್ತರ ಬಂದಿದೆ. ದೊಡ್ಡ ಕುರಿಗಳು ಹಾರುತ್ತವೆ. ಮರಿಗಳನ್ನು ಬಂಡೆಮ್ಮ ಒಂದೊಂದಾಗಿ ಎತ್ತಿ ಆಚೆ ಇಳಿಸುತ್ತಾಳೆ, ಸಂಜೆ ಮತ್ತೆ ಎತ್ತಿ ಈಚೆ ಇಳಿಸುತ್ತಾಳೆ. ವಾರಕ್ಕೆ ಒಂದು ವರಸೆ ಕಲ್ಲು ಏರುತ್ತಿದೆ. ನಿಮ್ಮ ಕಚೇರಿಯಲ್ಲಿ ಕಡತ ಎಷ್ಟು ವೇಗವಾಗಿ ನಡೆಯುತ್ತದೋ ನನಗೆ ತಿಳಿಯದು. ಗೋಡೆಯ ವೇಗವನ್ನು ತಿಳಿಸಿದ್ದೇನೆ.

ಇಂತಿ,
ಕೇಳಿದವಳಿಗೆ ಉತ್ತರ ಕೊಡದೆ ಗದ್ದುಗೆ ಇಳಿದ ರಾಜ,
ಸದ್ಯಕ್ಕೆ ಬರೇ ಗಡಿಗೆಪ್ಪ
ಮಾನ್ವಿ ತಾಲೂಕು, ಮಾರ್ಚ್ ೧೯೮೨