ಅರಿಶಿನ ತಾಕಿದ ಅಂಕಪಟ್ಟಿ

ಅಂಕಪಟ್ಟಿಯ ಮೂಲೆಗಳನ್ನು ಮಾತ್ರ ನೋಡಿ, ನಡುವೆ ಇರುವ ಅಂಕಗಳನ್ನು ನೋಡದೇ ಇರುವ ಕಾಲೇಜು ಆಯ್ಕೆ ಅಧಿಕಾರಿಗಳಾದ ಮಾನ್ಯರೇ,

ನನ್ನ ಮಗಳು ಈಶ್ವರಿ ದನದ ಡಾಕ್ಟರ್ ಓದಲು ಹಾಕಿದ್ದ ಅರ್ಜಿಯನ್ನು ನೀವು ತಳ್ಳಿಹಾಕಿದ್ದೀರಿ. ಯಾಕೆಂದರೆ ಅವಳ ಎಂಟ್ರನ್ಸ್ ಪರೀಕ್ಷೆಯ ಅಂಕಪಟ್ಟಿಗೆ ಅರಿಶಿನ ತಾಕಿತ್ತು. ನಿಮ್ಮ ಕಾಗದದಲ್ಲಿ ಮಾತ್ರ ‘ವಿರೂಪಗೊಳಿಸಿದ ದಾಖಲೆ, ತಿದ್ದಿರುವ ಶಂಕೆ’ ಎಂದು ಬರೆದಿದ್ದೀರಿ. ಅರಿಶಿನ ಎಂದು ಬರೆಯಲು ನಾಚಿಕೆಯಾಯಿತೇನೋ. ಈ ವಿಷಯವಾಗಿ ತಮಿಳಿನಲ್ಲಿ ಎರಡು ಸಲ ಬರೆಸಿ ರಿಜಿಸ್ಟರ್ ಮಾಡಿದೆ, ಉತ್ತರವಿಲ್ಲ. ಅದಕ್ಕೇ ಈಗ ಮನೆಮಾತಿನಲ್ಲಿ, ಪತ್ರಿಕೆಯಲ್ಲಿ, ಎಲ್ಲರಿಗೂ ಕಾಣುವಂತೆ ಬರೆಯುತ್ತಿದ್ದೇನೆ. ನಾನು ಓದಿದ್ದು ಐದನೇ ಕ್ಲಾಸು. ನಾನು ಹೇಳಿದ್ದನ್ನು ಕನ್ನಡ ಬಲ್ಲ ದೊಡ್ಡಮುನಿಯಪ್ಪ ಮೇಷ್ಟ್ರು ಬರೆದಿದ್ದಾರೆ. ನಿಮಗೆಂದೇ ಹೇಳಿದ ನಾಲ್ಕು ಒಳ್ಳೆಯ ಬೈಗುಳಗಳನ್ನು ಅವರು ಬಿಟ್ಟುಬಿಟ್ಟಿದ್ದಾರೆ. ಅದು ಅವರ ದೊಡ್ಡತನ, ನನ್ನದಲ್ಲ.

ಅರಿಶಿನ ಹಚ್ಚಿದವನು ನಾನೇ. ತಮಿಳುನಾಡಿನ ಸೇಲಂ ಕಡೆಯ ನಂಗವಳ್ಳಿಯಲ್ಲಿ ಸೀರೆ ನೇಯುವ ಕನ್ನಡದವನು ನಾನು. ನಮ್ಮ ಮನೆಗಳಲ್ಲಿ ಹೊಸ ಬಟ್ಟೆ ಉಡುವ ಮುಂಚೆ ಮೂಲೆಗೆ ಅರಿಶಿನ ಇಡುತ್ತೇವೆ, ಒಳ್ಳೆಯ ಸುದ್ದಿಯ ಕಾಗದಕ್ಕೆ ನಾಲ್ಕು ಮೂಲೆಗೂ ಇಡುತ್ತೇವೆ. ಅಂಕಪಟ್ಟಿ ಅಂಚೆಯಲ್ಲಿ ಬಂದಾಗ ಈಶ್ವರಿ ಸ್ನಾನಕ್ಕೆ ಹೋಗಿದ್ದಳು. ನಾನೇ ಒಡೆದು ನೋಡಿದೆ. ನೂರಕ್ಕೆ ತೊಂಬತ್ತೊಂದು! ನಮ್ಮ ವಂಶದಲ್ಲಿ ತೊಂಬತ್ತೊಂದು ಮುಟ್ಟಿದ್ದು ಅದಕ್ಕೆ ಮುಂಚೆ ನಮ್ಮಜ್ಜಿಯ ವಯಸ್ಸು ಮಾತ್ರ. ಇದಕ್ಕಿಂತ ಒಳ್ಳೆಯ ಸುದ್ದಿ ನಮ್ಮ ಮನೆಗೆ ಯಾವಾಗ ಬಂದಿತ್ತು, ಮಾನ್ಯರೇ? ಅರಿಶಿನ ಕಲಸಿ ನಾಲ್ಕು ಮೂಲೆಗೂ ಇಟ್ಟೆ. ಅಂಕಗಳ ಹತ್ತಿರಕ್ಕೂ ಬೆರಳು ಹೋಗಲಿಲ್ಲ. ಕೆಳಗಿನ ಒಂದು ಮೂಲೆಯಲ್ಲಿ ಸೀಲಿನ ಅಂಚಿಗೆ ಒಂದಿಷ್ಟು ತಾಕಿತು, ಅಷ್ಟೇ.

ಈಶ್ವರಿ ಬಂದು ನೋಡಿದವಳೇ ಕೂಗಿದಳು, “ಅಪ್ಪಾ, ಏನ್ ಮಾಡ್ಬುಟ್ಟೆ! ಇದು ಮಾರ್ಕ್ ಶೀಟು ಕಣಪ್ಪಾ, ಹೊಸ ಸೀರೆ ಅಲ್ಲ!”

“ತೊಂಬತ್ತೊಂದು ಬಂದೈತೆ, ದಿಷ್ಟಿ ಆಗಲ್ವಾ ಮಗಾ?” ಎಂದೆ.

“ನಗಾಡ್ಬೇಡ. ಅರ್ಜಿ ಜೊತೆ ಒರಿಜಿನಲ್ಲೇ ಕೊಡ್ಬೇಕಂತೆ. ನೀನೇ ತಗೊಂಡೋಗಿ ಕೇಳು, ಇದು ನಡೀತೈತಾ ಅಂತ.”

ಕೇಳಿದೆ, ಮಾನ್ಯರೇ. ಸೇಲಂಗೆ ಹೋಗಿ, ಬಸ್ಸು ಬದಲಿಸಿ, ನಿಮ್ಮ ಕಚೇರಿಗೇ ಬಂದು, ನಿಮ್ಮ ಮೂರನೇ ಕೌಂಟರಿನಲ್ಲೇ ಕೇಳಿದೆ. ಸಾಲಿನಲ್ಲಿ ನಿಂತು ನಾನು ಕನ್ನಡದಲ್ಲಿ ಗೊಣಗಿದ್ದು ಅಲ್ಲಿದ್ದ ಗುಮಾಸ್ತನ ಕಿವಿಗೆ ಬಿತ್ತು. “ಏನಣ್ಣಾ, ನಮ್ ಕಡೆಯೋನಾ? ನಂದು ಹರೂರು,” ಎಂದ. ಪರವೂರಿನ ಕಚೇರಿಯಲ್ಲಿ ನಮ್ಮ ಮಾತು ಕೇಳಿದರೆ ಎಂಥ ಸಂತೋಷ ಅನ್ನುವುದು ನಿಮಗೆ ತಿಳಿಯದು. ಅಂಕಪಟ್ಟಿ ಬಿಡಿಸಿ ನೋಡಿ ಕೇಳಿದ:

“ಅರಿಶ್ನ ಎಲ್ಲಾ ಇಟ್ಟಿದೀಯ, ಮದ್ವೆ ಯಾವತ್ತು?”

“ಮೊದ್ಲು ಸೀಟು ಕೊಡಿ ಸಾರ್, ಗಂಡು ಆಮೇಲೆ ನೋಡ್ತೀನಿ.”

ನಕ್ಕ. ಕನ್ನಡಕ ಜಾರುವಷ್ಟು ನಕ್ಕ. ಪಕ್ಕದ ಮೇಜಿನವನಿಗೆ ತಮಿಳಿನಲ್ಲಿ ಹೇಳಿ ಅವನನ್ನೂ ನಗಿಸಿದ. ಆದರೂ ನಾನು ಬಿಡಲಿಲ್ಲ. “ಸಾರ್, ಡೂಪ್ಲಿಕೇಟ್ ಕೊಡೋ ಆಫೀಸು ಇದೇ ಊರಲ್ಲೈತೆ. ಇನ್ನೂ ಒಂಬತ್ ದಿನ ಟೈಮ್ ಐತೆ. ಬೇರೆ ತಂದ್ಕೊಡ್ಲಾ?”

“ಬೇಡ ಬುಡಣ್ಣಾ. ನಂಬರ್ ಕಾಣ್ತೈತೆ, ಸೀಲ್ ಕಾಣ್ತೈತೆ, ಇನ್ನೇನು? ನಾನಿದೀನಲ್ಲ, ಓಗು.”

‘ದಾಖಲೆಗಳು ಸರಿಯಾಗಿವೆ’ ಎಂದು ರಸೀದಿಯನ್ನೂ ಸಹಿ ಹಾಕಿ ಕೊಟ್ಟ. ನಾನು ಜನರನ್ನು ನಗಿಸುತ್ತಾ ಬದುಕಿದವನು. ನನ್ನ ಮಾತಿಗೆ ನಕ್ಕವನು ನನ್ನವನು ಅಂತ ಇಷ್ಟು ವರ್ಷ ನಂಬಿಕೊಂಡಿದ್ದೆ. ಊರಿಗೆ ಬಂದು ಬೀದಿಗೆಲ್ಲ ಬೆಲ್ಲ ಹಂಚಿದೆ.

ಇಪ್ಪತ್ತನಾಲ್ಕು ದಿನಕ್ಕೆ ನಿಮ್ಮ ತಿರಸ್ಕಾರ ಬಂತು. ರಸೀದಿ ಹಿಡಿದು ಮತ್ತೆ ಓಡಿಬಂದೆ. ಅದೇ ಕೌಂಟರು, ಅದೇ ಕನ್ನಡಕ. ನನ್ನ ಮುಖ ನೋಡಿ ಅವನು ಕೇಳಿದ್ದು, “ಯಾರು ನೀಂಗ?” ನೀವು ಯಾರು ಅಂತ!

“ಸಾರ್, ನಾನು ನಂಗವಳ್ಳಿಯೋನು. ಅರಿಶ್ನ ಇಟ್ಟಿದ್ದ ಮಾರ್ಕ್ ಶೀಟು... ನೀವೇ ಬೇಡ ಅಂದ್ರಲ್ಲಾ?”

ರಸೀದಿ ತಿರುಗಿಸಿ ನೋಡಿದ. ಸಹಿ ಯಾರದ್ದೋ ಗೊತ್ತಾಗುವುದಿಲ್ಲ ಎಂದ, ತಮಿಳಿನಲ್ಲಿ. ಮುಂದಿನವರು ಬನ್ನಿ ಎಂದು ಕೂಗಿದ, ಅದೂ ತಮಿಳಿನಲ್ಲಿ. ತಮಿಳಿನ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ, ಅರ್ಧ ದಿನ ನಾನೂ ಅದರಲ್ಲೇ ಬದುಕುತ್ತೇನೆ. ಆದರೆ ಮೊದಲ ಸಲ ಅಣ್ಣ ಎಂದು ಕರೆದ ಬಾಯಿಗೆ ಇಪ್ಪತ್ತನಾಲ್ಕು ದಿನದಲ್ಲಿ ಆ ಮಾತು ಮರೆತುಹೋಗುತ್ತದೆಯೇ?

ಇನ್ನು ನಿಮ್ಮ ಕಾನೂನಿನ ವಿಷಯ. ಆ ಕೌಂಟರಿನ ಹಿಂದೆ ಒಂದು ಕಬ್ಬಿಣದ ಬೀರು ಇದೆ. ಹೋದ ವರ್ಷದ ಆಯುಧಪೂಜೆಯ ಅರಿಶಿನ ಕುಂಕುಮ ಅದರ ಬಾಗಿಲ ಮೇಲೆ ಇನ್ನೂ ಇದೆ. ಟೈಪ್‌ರೈಟರಿಗೂ ಇದೆ. ಅವು ವಿರೂಪಗೊಂಡಿಲ್ಲವೇ? ಆ ಟೈಪ್‌ರೈಟರಿನಲ್ಲಿ ಹೊಡೆದ ನಿಮ್ಮ ಆದೇಶಗಳ ಮೇಲೆ ಯಾರಿಗೂ ಶಂಕೆ ಬರಲಿಲ್ಲವೇ? ನೀವು ವಾಪಸು ಕಳಿಸಿದ ಅಂಕಪಟ್ಟಿ ಈಗ ನನ್ನ ಮುಂದಿದೆ. ‘ತಿರಸ್ಕೃತ’ ಎಂಬ ನಿಮ್ಮ ನೇರಳೆ ಸೀಲು ಸರಿಯಾಗಿ ಅವಳ ಅಂಕಗಳ ಮೇಲೇ ಬಿದ್ದಿದೆ. ನನ್ನ ಅರಿಶಿನ ಒಂದು ಅಂಕವನ್ನೂ ಮುಚ್ಚಲಿಲ್ಲ. ನಿಮ್ಮ ಸೀಲು ಎರಡನ್ನು ಮುಚ್ಚಿದೆ. ಈಗ ಹೇಳಿ, ತಿದ್ದಿದವರು ಯಾರು?

ಈಶ್ವರಿ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಅವಳಿಗೊಂದು ಜೋಕು ಹೇಳಿ ತಪ್ಪಿಸಿಕೊಳ್ಳುತ್ತಿದ್ದೆ. ನಾನು ಎರಡನೇ ಸಲ ಹೋಗಿ ಬರಿಗೈಯಲ್ಲಿ ಬಂದ ದಿನ ಒಂದೇ ಮಾತು ಕೇಳಿದಳು: “ಅವ್ರು ಅಷ್ಟೊಂದು ನಕ್ಕಾಗ್ಲೇ ನಿಂಗೆ ಡೌಟ್ ಬರ್ಲಿಲ್ವಾ ಅಪ್ಪಾ?”

ಈ ಪ್ರಶ್ನೆಯನ್ನು ನಿಮಗೇ ದಾಟಿಸುತ್ತಿದ್ದೇನೆ. ನಿಮ್ಮ ಹತ್ತಿರ ಉತ್ತರ ಇದ್ದರೆ ಕೊಡಿ.

ಬರುವ ತಿಂಗಳು ಹದಿನಾಲ್ಕಕ್ಕೆ ಎರಡನೇ ಕೌನ್ಸೆಲಿಂಗ್ ಇದೆ, ಸೀಟುಗಳು ಉಳಿದಿವೆ ಎಂದು ನೀವೇ ಪ್ರಕಟಿಸಿದ್ದೀರಿ. ಡೂಪ್ಲಿಕೇಟ್ ಅಂಕಪಟ್ಟಿ ತರಿಸಿದ್ದೇವೆ. ಈಶ್ವರಿ ಅದನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ್ದಾಳೆ, ಬೀಗದ ಕೈ ನನಗೆ ಕೊಟ್ಟಿಲ್ಲ, ಕೊಡಬಾರದು ಕೂಡ. ಅವಳನ್ನು ಕರೆಯಿರಿ. ಎರಡೂ ಅಂಕಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಒಂದು ಅಂಕ ಹೆಚ್ಚು ಕಡಿಮೆ ಇದ್ದರೆ ನನ್ನ ಮೇಲೆ ಕೇಸು ಹಾಕಿ. ಸರಿ ಇದ್ದರೆ ಅವಳಿಗೆ ಸಲ್ಲಬೇಕಾದ ಸೀಟು ಕೊಡಿ. ನನಗೆ ಉತ್ತರ ಬರೆಯುವುದು ಬೇಡ, ಕಾಗದ ಅವಳ ಹೆಸರಿಗೇ ಬರಲಿ. ಅಂಚೆಯವನು ಕೂಗಿದರೂ ನಾನು ಮಗ್ಗ ಬಿಟ್ಟು ಏಳುವುದಿಲ್ಲ. ಅವಳೇ ಒಡೆಯಲಿ, ಅವಳೇ ಮೊದಲು ಓದಲಿ.

ಇಂತಿ,
ಇನ್ನು ಯಾವ ಕೌಂಟರಿನಲ್ಲೂ ಯಾರನ್ನೂ ನಗಿಸದಿರುವ
ಚಿನ್ನರಾಜ್, ಈಶ್ವರಿಯ ಅಪ್ಪ
ನಂಗವಳ್ಳಿ, ಆಗಸ್ಟ್ 1996
(ಐದನೇ ಕ್ಲಾಸು ಪಾಸು. ಆ ಅಂಕಪಟ್ಟಿಯನ್ನು ಈವರೆಗೆ ಯಾರೂ ಕೇಳಿಲ್ಲ.)