ಹಳದಿ ಚೀಟಿ

ಹದಿನಾಲ್ಕು, ಗುರುವಾರ.

ಆ ಹಳದಿ ಚೀಟಿ ಕಣ್ಣ ಮುಂದಿನಿಂದ ಹೋಗುತ್ತಲೇ ಇಲ್ಲ.

ಇಷ್ಟು ವರ್ಷ ಆರೋಗ್ಯ ಕೇಂದ್ರದಲ್ಲಿ ಮಗುವಿನ ತೂಕ ನೋಡುವಾಗ ತಾಯಂದಿರು ಮೆಲ್ಲಗೆ ಬಸಿರಾಗದಿರುವ ಮಾತ್ರೆ ಕೇಳುತ್ತಿದ್ದರು, ನಾನು ಲಸಿಕೆ ಕಾರ್ಡಿನೊಳಗೆ ಇಟ್ಟು ಕೊಡುತ್ತಿದ್ದೆ. ಪಕ್ಕದಲ್ಲೇ ಕೂತ ಅತ್ತೆಯರಿಗೂ ಸುಳಿವು ಸಿಗುತ್ತಿರಲಿಲ್ಲ. ಈಗ ಹೊಸ ಸಾಹೇಬರು ಎರಡೂ ಕೆಲಸವನ್ನು ಒಂದುಗೂಡಿಸಿದ್ದಾರಂತೆ! ಸಾಲು ಒಂದೇ, ಚೀಟಿ ಮಾತ್ರ ಬೇರೆ: ಲಸಿಕೆಗೆ ಬಿಳಿ, ಕುಟುಂಬ ಯೋಜನೆಗೆ ಹಳದಿ. ವರದಿ ಬರೆಯಲು ಸುಲಭವಂತೆ.

ಇವತ್ತು ಬಟ್ಟೆ ಹೊಲಿಯುವವಳು ನಾಲ್ಕನೆಯ ಮಗುವನ್ನು ಎತ್ತಿಕೊಂಡು, ಹಳದಿ ಚೀಟಿ ಹಿಡಿದು ಎದ್ದಳು. ಹೋದ ಹೆರಿಗೆಯಲ್ಲಿ ಸತ್ತು ಬದುಕಿದವಳು.

"ಏನೇ ಅದು, ನಿಂದೊಂದೇ ಬೇರೆ ಬಣ್ಣ?" ಇಡೀ ಸಾಲಿಗೆ ಕೇಳುವ ಹಾಗೆ ಅವಳ ಅತ್ತೆ ಕೇಳಿದಳು.

"ಗೊತ್ತಿಲ್ಲ ಅತ್ತೆ, ತಪ್ಪಿ ಕೊಟ್ಬಿಟ್ಟಿದಾರೆ," ಎಂದು ಚೀಟಿ ಮುದುರಿ ಕೂತಳು. ಮಾತ್ರೆಗೆಂದು ಮತ್ತೆ ಏಳಲಿಲ್ಲ.

ಸಾಹೇಬರಿಗೆ ಹೇಳಿದರೆ, "ನಾಚಿಕೆ ಎಲ್ಲಾ ನಿಧಾನಕ್ಕೆ ಹೋಗತ್ತೆ ಬಿಡಮ್ಮಾ," ಎಂದು ನಕ್ಕರು. ಮೈಯೆಲ್ಲಾ ಉರಿದುಹೋಯಿತು. ನಾಚಿಕೆಯಂತೆ ನಾಚಿಕೆ! ಐದನೆಯದನ್ನು ಇವರು ಬಂದು ಹೆರುತ್ತಾರೇನು?

ಆದರೆ ನಿನ್ನೆ ಆ ಹಳದಿ ಕಾಗದವನ್ನು ಚೀಟಿಗಳಾಗಿ ಕತ್ತರಿಸಿದವಳು ನಾನೇ. ಒಂದೂ ಓರೆಯಾಗದ ಹಾಗೆ, ಸ್ಕೇಲ್ ಇಟ್ಟು ಗೆರೆ ಎಳೆದು. ಒಂದು ಸಲವಾದರೂ ಈ ಕೈ ನಿಲ್ಲಬಾರದಿತ್ತೇ?