ಮುಂದೆ ಬಾಲವಿರುವ ಟ್ರಕ್

ಆಸ್ಪೆನ್ ಬಯಲು, ಮೂರನೇ ತಿರುವಿನ ಮೇಲೆ
ಜುಲೈ ತಿಂಗಳ ಮೊದಲ ಭಾನುವಾರ

ಡೀಲಾಯ್ ಭಾವನವರಿಗೆ, ನಿಮ್ಮ ತಮ್ಮ ಥೇನನ ಹೆಂಡತಿ ನೆಡ್ರಾ ಬರೆಯುವುದು.

ಇವತ್ತು ಉಪವಾಸದ ಭಾನುವಾರ. ನಿನ್ನೆ ಸಂಜೆ ಉಂಡ ಮೇಲೆ ಬಾಯಿಗೆ ನೀರು ಕೂಡ ಹಾಕಿಲ್ಲ. ಬೆಳಿಗ್ಗೆ ಎದ್ದು ತಬ್ಬಲಿ ಮರಿಗಳಿಗೆ ಸೀಸೆಯಲ್ಲಿ ಹಾಲು ಕುಡಿಸಿದೆ, ತೊರೆಯಿಂದ ನೀರು ತಂದೆ, ಒಲೆಯ ಬೂದಿ ತೆಗೆದೆ, ನಾಯಿಗಳಿಗೆ ಹಾಕಿದೆ. ಕುರಿ ಕಾಯುವ ಯೂಸೇಬಿಯೊಗೆ ಕಾಫಿ ಕಾಸಿಕೊಟ್ಟೆ. ಕಾಫಿ ನಮ್ಮ ಧರ್ಮದಲ್ಲಿ ಇಲ್ಲ, ಅವನ ಧರ್ಮದಲ್ಲಿ ಇದೆ. ಪೆರುವಿನಿಂದ ಇಷ್ಟು ದೂರ ಬಂದು ನಮ್ಮ ಕುರಿ ಕಾಯುವವನಿಗೆ ಬೆಟ್ಟದ ಚಳಿಯಲ್ಲಿ ಅದನ್ನು ತಪ್ಪಿಸಲು ನಾನು ಯಾರು? ಈಗ ಗಾಲಿಗಳ ಮೇಲಿರುವ ಅವನ ಬಂಡಿಮನೆಯ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ನಾಳೆ ಪಕ್ಕದ ಹೊಲದ ಓರ್ವಲ್ ತನ್ನ ದನಗಳಿಗೆ ಉಪ್ಪು ಇಡಲು ಬರುತ್ತಾನೆ, ಅವನ ಕೈಯಲ್ಲಿ ಕಳಿಸುತ್ತೇನೆ. ನೀವು ಓದುವ ಹೊತ್ತಿಗೆ ಚರ್ಚಿನಲ್ಲಿ ನನ್ನ ಜಾಗ ಖಾಲಿ ಇದ್ದುದನ್ನು ಊರು ಮಾತಾಡಿ ಮುಗಿಸಿರುತ್ತದೆ. ನಿಮ್ಮ ಪಕ್ಕದ ಜಾಗವೂ ಖಾಲಿ ಇತ್ತು. ನಿಮ್ಮ ಹೆಂಡತಿ, ನಮ್ಮ ಲರೂ ಅಕ್ಕ, ನನ್ನ ಜೊತೆಗೇ ಇದ್ದಾಳೆ. ನಿನ್ನೆ ಸಂಜೆ ತನ್ನ ದನ ನೋಡಿಕೊಂಡು ಕೆಳಗಿಳಿದ ಓರ್ವಲ್ ಆ ಸುದ್ದಿಯನ್ನು ನಿಮಗೆ ಮುಟ್ಟಿಸಿರಬೇಕು. ಹೇಗೆ, ಯಾಕೆ ಅನ್ನುವುದನ್ನು ನಾನು ಹೇಳುತ್ತೇನೆ.

ಹೋದ ತಿಂಗಳ ಉಪವಾಸದ ಭಾನುವಾರ ಚರ್ಚಿನ ಸಭೆಯಲ್ಲಿ ನಂಬಿಕೆಯ ಸಾಕ್ಷಿ ಹೇಳಲು ನೀವು ಎದ್ದಿರಿ. ಮೊದಲು ಮಳೆಗಾಗಿ, ಮೊಮ್ಮಕ್ಕಳಿಗಾಗಿ ದೇವರನ್ನು ವಂದಿಸಿದಿರಿ. ಆಮೇಲೆ ಗಂಟಲು ಸರಿಮಾಡಿಕೊಂಡು ಅಂದಿರಿ, "ನಮ್ಮ ಥೇನ್ ಹೋದ್ಮೇಲೆ ನೆಡ್ರಾ ಒಬ್ಬಳೇ ಒದ್ದಾಡ್ತಿದ್ದಾಳೆ. ಆ ಹೊರೆ ಇನ್ಮೇಲೆ ಅವಳ ಮೇಲಿರಲ್ಲ. ಈ ವರ್ಷ ಬಂಡೀನ ನಮ್ಮ ಆಳು ಎಳ್ಕೊಂಡು ಹೋಗ್ತಾನೆ, ಅವಳ ಮಂದೆ ನಮ್ಮ ಮಂದೆ ಜೊತೆ ಮೇಯುತ್ತೆ. ದಾರಿ ತೋರಿಸಿದ ದೇವರಿಗೆ ವಂದನೆ." ಸಭೆಯೆಲ್ಲ ಆಮೆನ್ ಅಂದಿತು. ಹುಟ್ಟಿದಾಗಿನಿಂದ ಅಂದು ಅಂದು ರೂಢಿಯಾದ ನಾಲಿಗೆ, ನಾನೂ ಆಮೆನ್ ಅಂದುಬಿಟ್ಟೆ. ಅಂದ ಮೇಲೆ ಏನಂದೆನೆಂದು ತಿಳಿಯಿತು. ಬಾಗಿಲ ಹತ್ತಿರ ನಿಮ್ಮನ್ನು ಹಿಡಿದು, "ಭಾವ, ನನ್ನ ಒಂದು ಮಾತು ಕೇಳಬೇಕಿತ್ತು" ಅಂದರೆ, ನೀವು ಟೋಪಿ ಹಾಕಿಕೊಳ್ಳುತ್ತಾ, "ಕೇಳೋದೇನಮ್ಮ, ನೀನೇ ಆಮೆನ್ ಅಂದ್ಯಲ್ಲ, ಇಡೀ ಊರು ಕೇಳಿಸ್ಕೊಂಡಿದೆ" ಅಂದಿರಿ. ಅಲ್ಲಿ ನಿಂತಿದ್ದ ಗಂಡಸರು ನಕ್ಕರು. ಕೆಟ್ಟ ನಗೆಯಲ್ಲ, ಅಕ್ಕರೆಯ ನಗೆ. ನನಗೆ ಅದೇ ಹೆಚ್ಚು ಉರಿಯಿತು.

ಬೇಸಿಗೆಯಲ್ಲಿ ಬಂಡಿಮನೆಯನ್ನು ಬೆಟ್ಟಕ್ಕೆ ಏರಿಸಿ, ವಾರ ವಾರ ಕುರಿಗಾಹಿಗೆ ಹಿಟ್ಟು ನೀರು ಮುಟ್ಟಿಸಿ, ಹುಲ್ಲು ಮುಗಿದ ಕಡೆಯಿಂದ ಮುಂದಕ್ಕೆ ಎಳೆಯುವವರೇ ಮಂದೆಯ ಯಜಮಾನರು. ಈ ಕಟ್ಟಳೆ ನಿಮ್ಮ ಅಜ್ಜನೇ ಮಾಡಿದ್ದು. ನಿಮ್ಮ ಆಳು ಒಂದು ಬೇಸಿಗೆ ನನ್ನ ಬಂಡಿ ಎಳೆದರೆ ಹಿಮ ಬೀಳುವ ಹೊತ್ತಿಗೆ ನನ್ನ ಮರಿಗಳ ಕಿವಿಯಲ್ಲಿ ನಿಮ್ಮ ಗುರುತು ಇರುತ್ತದೆ. ಅದು ನಿಮಗೆ ಗೊತ್ತು, ನನಗೂ ಗೊತ್ತು. ಅದನ್ನು ಹೊರೆ ಇಳಿಸುವುದು ಅಂತ ನೀವು ಕರೆದಿರಿ.

ನಿಮ್ಮ ಇನ್ನೊಂದು ಕಾರಣ ಬೆಟ್ಟದ ದಾರಿಯ ಆ ಮೂರನೇ ತಿರುವು. ಹೋದ ವರ್ಷ ಬಂಡಿ ಏರಿಸುವಾಗ ಥೇನ್ ಅಲ್ಲಿ ಸಿಕ್ಕಿಕೊಂಡದ್ದು ನಿಜ. ಟ್ರಕ್ಕಿನ ಹಿಂದುಗಡೆ ಅವನು ಹಾಕಿಸಿದ್ದ ಅಗಲದ ಉಕ್ಕಿನ ಬಂಪರಿನ ಮೂಲೆಗೆ ಬಂಡಿಯನ್ನು ಎಳೆಯುವ ಮೂಕಿ ಬಡಿದು ಕಚ್ಚಿಕೊಂಡಿತು, ಆಚೆಯೂ ಇಲ್ಲ ಈಚೆಯೂ ಇಲ್ಲ. ಅವನ ಬೆನ್ನಿಗೇ ನೀವು ದನದ ಲಾರಿಯಲ್ಲಿ ಕೂತು ಹಾರನ್ ಹೊಡೆದದ್ದೂ ನಿಜ. ಆ ಚಳಿಗಾಲ ಅವನು ಮುಂದುಗಡೆಗೂ ಒಂದು ಉಕ್ಕಿನ ಬಂಪರ್ ತರಿಸಿದ, ಇದು ಮೂಲೆ ಚಾಚದ ಕಿರಿದು. ಅದರ ನಡುವಿನಲ್ಲಿ ಬಂಡಿ ಕಟ್ಟುವ ಕೊಂಡಿ ಇತ್ತು. ಬರೀ ತಗಡಿಗಲ್ಲ, ಚಾಸಿಗೇ ಬೋಲ್ಟ್ ಹಾಕಿ ಕೂರಿಸಿದೆವು. ಅವನು ಬಿಗಿದ, ನಾನು ಕೆಳಗೆ ಮಲಗಿ ಜಾಕ್ ಹಿಡಿದೆ. ನೀವು ನೋಡಲು ಬಂದು, "ಮುಂದೆ ಬಾಲ ಇರೋ ಪ್ರಾಣೀನ ದೇವರು ಆರು ದಿನದಲ್ಲಿ ಎಲ್ಲೂ ಮಾಡ್ಲಿಲ್ಲ ಕಣೋ" ಅಂದಿರಿ. ಥೇನ್ ತಲೆ ಎತ್ತದೆ, "ಏಳನೇ ದಿನ ಸುಮ್ನೆ ಕೂತಾಗ ಹೊಳೆದಿರ್ಬೇಕು ಬಿಡಣ್ಣ" ಅಂದ. ನೀವು ಎಷ್ಟು ನಕ್ಕಿರೆಂದರೆ ನಿಮ್ಮ ಟೋಪಿ ಬಿತ್ತು. ಆ ಕೊಂಡಿಯನ್ನು ಒಮ್ಮೆಯೂ ಬೆಟ್ಟಕ್ಕೆ ಒಯ್ಯುವ ಮೊದಲೇ ಫೆಬ್ರವರಿಯಲ್ಲಿ, ಕುರಿ ಈಯುವ ಕೊಟ್ಟಿಗೆಯಲ್ಲಿ, ಅವನ ಎದೆಬಡಿತ ನಿಂತಿತು.

ನೀವು ಸಭೆಯಲ್ಲಿ ಏಳುವುದಕ್ಕೂ ಮೊದಲೇ, ಮೇ ತಿಂಗಳಿಡೀ, ನಾನು ಹುಲ್ಲಿನ ಗದ್ದೆಯಲ್ಲಿ ಹಳೆಯ ಟ್ರೇಲರನ್ನು ಆ ಮುಂದಿನ ಕೊಂಡಿಗೆ ಕಟ್ಟಿ, ರಿವರ್ಸ್ ಗೇರಿನಲ್ಲಿ ಎಳೆದು ಎಳೆದು ಕಲಿತೆ. ಬೇಲಿಯಾಚೆಯಿಂದ ಓರ್ವಲ್, "ಏನ್ ನೆಡ್ರಾ, ಮನೆ ದಾರಿ ಮರ್ತೋಯ್ತಾ, ಹಿಂದ್ಹಿಂದೆ ಹೋಗ್ತಿದ್ದೀಯಲ್ಲ" ಅಂತ ದಿನಾ ಕೇಳುತ್ತಿದ್ದ. ಅವನಿಗೂ ಹೇಳಲಿಲ್ಲ.

ನಿಮ್ಮ ಆಳು ನಾಳೆ, ಸೋಮವಾರ, ಬರುವವನಿದ್ದ. ನಾನು ನಿನ್ನೆ, ಶನಿವಾರ, ಬೆಳಗಿನ ಜಾವಕ್ಕೇ ಬಂಡಿ ಕಟ್ಟಿದೆ. ನಿಮಗೆ ಹೇಗೆ ವಾಸನೆ ಹತ್ತಿತೋ, ಲರೂ ಅಕ್ಕನನ್ನು ಕಳಿಸಿದಿರಿ. ಬಟ್ಟೆಯಲ್ಲಿ ಬಿಸಿ ಬನ್ನು ಸುತ್ತಿಕೊಂಡು ಬಂದಳು.

"ಏನೇ ಇದು? ಬೇಡ ಅಂತ ಹೇಳಿ ಬಾ ಅಂದಿದಾರೆ ಅವರು."

"ಬೇಡ ಅನ್ನೋದನ್ನ ಟ್ರಕ್ಕಲ್ಲಿ ಕೂತ್ಕೊಂಡು ಹೇಳಕ್ಕ. ಬಿಸಿಲಾದ್ರೆ ಇಂಜಿನ್ ಕಾಯುತ್ತೆ."

ಕೂತಳು. ಮೊದಲ ತಿರುವಿನವರೆಗೆ ಬೇಡ ಬೇಡ ಅನ್ನುತ್ತಲೇ ಇದ್ದಳು. ಎರಡನೆಯದರಲ್ಲಿ ಕಿಟಕಿಯಿಂದ ಕೆಳಗೆ ನೋಡಿ ಬನ್ನಿನ ಗಂಟನ್ನು ಎರಡೂ ಕೈಯಲ್ಲಿ ತಬ್ಬಿಕೊಂಡಳು. ಮೂರನೆಯದು ಬರುವ ಮೊದಲೇ ನಾನು ನಿಲ್ಲಿಸಿ, ಇಳಿದು, ಬಂಡಿಯ ಗಾಲಿಗಳಿಗೆ ಕಲ್ಲು ಕೊಟ್ಟು ಕೊಂಡಿ ಬಿಡಿಸಿದೆ. ಟ್ರಕ್ಕನ್ನೊಂದೇ ತಿರುವು ದಾಟಿಸಿ, ಮೇಲೆ ಬಯಲಿನಲ್ಲಿ ತಿರುಗಿಸಿಕೊಂಡು, ಮೂತಿ ಕೆಳಗಾಗಿ ಬಂಡಿಯ ಎದುರಿಗೆ ತಂದೆ. ಮುಂದಿನ ಬಂಪರಿನ ಕೊಂಡಿಗೆ ಮೂಕಿ ಕೂರಿಸಿ, ಸರಪಣಿ ಹಾಕಿ, ಪಿನ್ನು ತಳ್ಳಿದೆ. ಅಕ್ಕ ಇಳಿದು ಬಂಡಿಯ ಪಕ್ಕ ನಿಂತು ಇದನ್ನೆಲ್ಲ ನೋಡುತ್ತಿದ್ದಳು.

"ಹಿಂದಕ್ಕೆ ಹತ್ತುತ್ತೀಯೇನೇ ಬೆಟ್ಟಾನ?"

"ಹೂಂ. ನೀನು ಬಂಡಿ ಹಿಂದೆಯೇ ನಿಲ್ಬೇಡ. ಬಂಡೆ ಇರೋ ಕಡೆ ಪಕ್ಕದಲ್ಲಿ ನಡೀತಾ ಬಾ, ನಾನು ನಿಲ್ಸಿದಾಗ ಗಾಲಿಗೆ ಕಲ್ಲು ಕೊಡು."

ಹಿಂದೆ ಕಟ್ಟಿ ಎಳೆಯುವಾಗ ಬಂಡಿ ಏನು ಮಾಡುತ್ತಿದೆಯೆಂದು ಕನ್ನಡಿಯಲ್ಲಿ ಅರ್ಧ ಮಾತ್ರ ಕಾಣುತ್ತದೆ. ಮುಂದೆ ಕಟ್ಟಿದರೆ ಅದು ಗಾಜಿನಾಚೆ ಕಣ್ಣೆದುರಿಗೇ ಇರುತ್ತದೆ, ಸ್ಟೀರಿಂಗ್ ಕೊಂಚ ತಿರುಗಿಸಿದರೆ ಮೂಕಿ ಅಷ್ಟೂ ಪಕ್ಕಕ್ಕೆ ಸರಿಯುತ್ತದೆ. ಗದ್ದೆಯಲ್ಲಿ ಇದು ಸಲೀಸು. ಆ ತಿರುವಿನಲ್ಲಿ ಒಂದು ಕಡೆ ಬಂಡೆ, ಇನ್ನೊಂದು ಕಡೆ ಏನೂ ಇಲ್ಲ. ಕಡಿಮೆ ಗೇರು ಹಾಕಿ, "ತಂದೆಯೇ, ನನಗೆ ಬರುತ್ತೆ, ಆದರೂ ನೋಡಿಕೋ" ಎಂದು ಕೇಳಿಕೊಂಡೆ. ತಿರುವಿನ ನಡುವೆ ಹಿಂದಿನ ಟೈರು ಸಡಿಲ ಜಲ್ಲಿಯ ಮೇಲೆ ಸುತ್ತಿತು, ಬಂಡಿ ನನ್ನನ್ನು ಕೆಳಕ್ಕೆ ಎಳೆಯತೊಡಗಿತು. ಬ್ರೇಕು ತುಳಿದೆ. ನಿಂತಿತೋ ಇಲ್ಲವೋ ಅನ್ನುವಷ್ಟರಲ್ಲಿ ಅಕ್ಕ ಕಲ್ಲು ತಳ್ಳಿ, "ನಿಂತ್ಕೊಂಡಿದೆ, ನೀನು ಹೊಡಿಯೇ, ಹೊಡಿ" ಅಂದಳು. ಬೇಡ ಅನ್ನಲು ಬಂದವಳ ಬಾಯಲ್ಲಿ ಬಂದ ಮಾತು ಅದು, ಭಾವ. ಹೊಡೆದೆ. ಬಂಡಿಯ ಮೂಲೆ ಬಂಡೆಯಿಂದ ಅಂಗೈಯಗಲ ದೂರದಲ್ಲಿ ತಿರುಗಿಕೊಂಡು ನನ್ನ ಹಿಂದೆ, ಅಂದರೆ ನನ್ನ ಮುಂದೆ, ಬಯಲಿಗೆ ಬಂತು.

ಅಕ್ಕ ಹುಲ್ಲಿನ ಮೇಲೆ ಕೂತು ನಗಲು ಶುರುಮಾಡಿದಳು, ನಗುತ್ತಾ ಕಣ್ಣೊರೆಸಿಕೊಂಡಳು. "ಅವರಿಗೆ ಈಗ ಏನಂತ ಹೇಳ್ಲಿ?" ಅಂದಳು. "ಬೇಡ ಅಂತ ಹೇಳಿ ಆಯ್ತು ಅಂತ ಹೇಳು" ಅಂದೆ. ಸಂಜೆ ಇಳಿಯಬಹುದಿತ್ತು. ಅವಳೇ, "ಈ ಮನೆಗೆ ಮದುವೆಯಾಗಿ ಬಂದಾಗಿನಿಂದ ಈ ಬೆಟ್ಟ ನೋಡೇ ಇಲ್ಲ, ಇವತ್ತಿಲ್ಲೇ ಇರ್ತೀನಿ" ಅಂದಳು. ಹಂದಿಮಾಂಸ ಫ್ರಿಜ್ಜಿನ ಕೆಳಗಿನ ಅರೆಯಲ್ಲಿತ್ತಂತೆ. ನೀವು ಅಲ್ಲಿ ಹುಡುಕದೆ ಬರೀ ಬ್ರೆಡ್ಡು ತಿಂದು ಮಲಗಿರುತ್ತೀರಿ ಅನ್ನುತ್ತಿದ್ದಾಳೆ.

ನಿಮ್ಮ ಮೇಲೆ ನನಗೆ ದ್ವೇಷವಿಲ್ಲ. ಥೇನ್ ಹೋದಾಗ ನೆಲ ಕಲ್ಲಿನಂತೆ ಹೆಪ್ಪುಗಟ್ಟಿತ್ತು. ಯಾರ ಕೈಗೂ ಕೊಡದೆ ನೀವೇ ಹಾರೆ ಹಿಡಿದು ಗುಂಡಿ ತೋಡಿದಿರಿ. ಅದನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಆದರೆ ಅದಕ್ಕೆ ಬದಲಾಗಿ ಮಂದೆ ಕೊಡುವುದಿಲ್ಲ. ಬಂಡಿ ಮೇಲಿದೆ, ಕುರಿಗಳು ಬಯಲಿಗೆ ಬಂದಿವೆ, ಬೇಸಿಗೆ ಮುಗಿಯುವವರೆಗೆ ನಾನೇ ಎಳೆಯುತ್ತೇನೆ, ಮುಂದಿನ ವರ್ಷವೂ ನಾನೇ. ಆ ದಿನ ಅಂದ ಆಮೆನ್ ಅನ್ನು ದೇವರ ಹತ್ತಿರ ವಾಪಸು ತೆಗೆದುಕೊಂಡಾಗಿದೆ, ಅವನು ತಕರಾರು ಮಾಡಲಿಲ್ಲ. ಉಳಿದಿರುವುದು ಸಭೆ. ಆಗಸ್ಟ್ ತಿಂಗಳ ಉಪವಾಸದ ಭಾನುವಾರ ನಾನು ಬರುತ್ತೇನೆ. ನೀವು ಎದ್ದು, ನೆಡ್ರಾಳನ್ನು ಕೇಳದೆ ಹೇಳಿದ್ದೆ, ಮಂದೆ ಅವಳದೇ ಅಂತ ನಿಮ್ಮ ಬಾಯಲ್ಲೇ ಹೇಳಿ. ನೀವು ಏಳದಿದ್ದರೆ ನಾನು ಏಳುತ್ತೇನೆ. ನನಗೆ ನಿಮ್ಮಷ್ಟು ಚೆನ್ನಾಗಿ ಮಾತಾಡಲು ಬರುವುದಿಲ್ಲ, ನಡೆದದ್ದನ್ನು ನಡೆದ ಹಾಗೆ ಹೇಳಿಬಿಡುತ್ತೇನೆ. ಯಾವುದು ನಿಮಗೆ ವಾಸಿ, ನೀವೇ ನೋಡಿ.

ನಿಮ್ಮ ಮಂಡಿನೋವು ದೇವರು ಕಡಿಮೆ ಮಾಡಲಿ. ನಿಮ್ಮ ಮರಿಗಳು ತೋಳನ ಕಣ್ಣಿಗೆ ಬೀಳದಿರಲಿ.

ಇಂತಿ, ಯಾರ ಹೊರೆಯೂ ಅಲ್ಲದ
ನೆಡ್ರಾ

ನಿಮ್ಮ ಉತ್ತರವನ್ನು ಬರೆದೇ ಕಳಿಸಿ. ಬಾಯಲ್ಲಿ ಹೇಳಿದರೆ ಓರ್ವಲ್ ಅದನ್ನು ದಾರಿಯಲ್ಲಿ ಮೆತ್ತಗೆ ಮಾಡಿಬಿಡುತ್ತಾನೆ. ನಿಮ್ಮ ಆ ಆಳು ಹೇಗೂ ಬೆಟ್ಟ ಹತ್ತಲು ಟ್ರಕ್ಕಿಗೆ ಎಣ್ಣೆ ತುಂಬಿಸಿ ಕೂತಿರುತ್ತಾನಲ್ಲ. ಎಳೆಯಲು ಬಂಡಿಯಂತೂ ಇಲ್ಲ, ಆ ಕಾಗದವನ್ನಾದರೂ ಅವನು ಮೇಲಕ್ಕೆ ತಂದುಕೊಡಲಿ.